ಗಟ್ಟಿ ಎಲುಬಿನ ಹೆಂಗಸು

ನನ್ನ ಓರಗಿತ್ತಿಯ ಎಲುಬು ಬಲು ಗಟ್ಟಿಯಾಗಿದೆ ಎಂದು ಯಂತ್ರ ಹೇಳಿದ ದಿನ, ಆಸ್ಪತ್ರೆಯ ಆ ಕೋಣೆಯಲ್ಲಿ ಅತ್ತವಳು ಅವಳೊಬ್ಬಳೇ. ಯಂತ್ರದ ಹತ್ತಿರ ಕೂತಿದ್ದ ಹುಡುಗಿ, ಮುದುಕಿ ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ಬೆನ್ನು ತಟ್ಟಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಸಂತೋಷವಲ್ಲವೆಂದು ನನಗೆ ಗೊತ್ತಿತ್ತು. ಉಲ್ಕಾನ್ ಅಂದು ಘಾಟಿ ದಾಟಿ ಪಟ್ಟಣಕ್ಕೆ ಬಂದದ್ದೇ, ತನ್ನ ಎಲುಬು ಹಾಳಾಗಿ ಹೋಗಿದೆ ಎಂದು ಆಸ್ಪತ್ರೆಯವರ ಬಾಯಿಂದ ಹೇಳಿಸಿಕೊಂಡು ಹೋಗುವುದಕ್ಕೆ. ಹಾಗೆ ಹೇಳಿಸಿಕೊಂಡಿದ್ದರೆ ಆ ಬೇಸಿಗೆಯಾದರೂ ಮೇಲಿನ ಹುಲ್ಲುಗಾವಲಿಗೆ ಹೋಗುವುದು, ಅಲ್ಲಿ ಮಂಡಿಯೂರಿ ಕುದುರೆ ಹಾಲು ಕರೆಯುವುದು ತಪ್ಪುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಬೇಸಿಗೆ ಊರಲ್ಲೇ, ತನ್ನ ಮನೆಯ ಮಂಚದ ಮೇಲೆ, ಕಾಲು ಚಾಚಿಕೊಂಡು ಇರುವುದು.

ನಮ್ಮ ಸೂಸಾಮಿರ್ ಕಣಿವೆಯ ಕುಮಿಸ್ ಕುಡಿಯಲು ದೂರದೂರದಿಂದ ಜನ ಬರುತ್ತಾರೆ. ಹುಳಿ ಬಂದ ಕುದುರೆ ಹಾಲನ್ನು ಬಟ್ಟಲುಗಟ್ಟಲೆ ಹೀರಿ, ಎದೆ ಹಗುರಾಯಿತು, ಹೊಟ್ಟೆ ಸರಿಹೋಯಿತು ಎಂದು ಹೊಗಳಿ ಹೋಗುತ್ತಾರೆ. ಹಾಲು ಕರೆದವಳ ಮಂಡಿ ಹೇಗಿದೆ ಎಂದು ಒಬ್ಬರೂ ಕೇಳಿದವರಿಲ್ಲ. ಕುದುರೆಯನ್ನು ಹಸುವಿನಂತೆ ಕುಕ್ಕರಗಾಲಲ್ಲಿ ಆರಾಮಾಗಿ ಕೂತು ಕರೆಯಲಾಗುವುದಿಲ್ಲ. ಅದು ಯಾವಾಗ ಹಾರುತ್ತದೋ ಯಾವಾಗ ಒದೆಯುತ್ತದೋ ಹೇಳಲಾಗದು. ಮೊದಲು ಮರಿಯನ್ನು ಬಿಡಬೇಕು. ಹಾಲಿಳಿದ ಕೂಡಲೇ ಮರಿಯನ್ನು ಪಕ್ಕಕ್ಕೆಳೆದು, ಒಂದು ಮಂಡಿಯನ್ನು ನೆಲಕ್ಕೂರಿ, ಇನ್ನೊಂದನ್ನು ಎತ್ತಿ ಅದರ ಮೇಲೆ ಬಕೆಟ್ಟು ನಿಲ್ಲಿಸಿ, ತೋಳನ್ನು ಕುದುರೆಯ ಹಿಂಗಾಲಿನ ಸುತ್ತ ಬಳಸಿ ಹಾಕಿ ಕರೆಯಬೇಕು. ಅದು ಒಂದು ಸಲಕ್ಕೆ ಕೊಡುವುದು ಒಂದು ಬಟ್ಟಲಿಗಿಂತ ತುಸು ಹೆಚ್ಚು. ಆಮೇಲೆ ಮುಂದಿನ ಕುದುರೆ. ಕೊನೆಯ ಕುದುರೆ ಮುಗಿಯುವಷ್ಟರಲ್ಲಿ ಮೊದಲನೆಯದರ ಕೆಚ್ಚಲು ಮತ್ತೆ ತುಂಬಿರುತ್ತದೆ. ಹೀಗೆ ಬೆಳಕಿರುವಷ್ಟು ಹೊತ್ತೂ ಏಳು, ಮಂಡಿಯೂರು, ಏಳು, ಮಂಡಿಯೂರು. ನಮ್ಮ ಎತ್ತರದಲ್ಲಿ ನಡುಬೇಸಿಗೆಯಲ್ಲೂ ನೆಲ ತಣ್ಣಗೆ, ಹುಲ್ಲು ಒದ್ದೆ.

ಮದುವೆಯಾಗಿ ಬಂದ ಮೊದಲ ಬೇಸಿಗೆಯಿಂದ ಉಲ್ಕಾನ್ ಇದನ್ನು ಮಾಡುತ್ತ ಬಂದಳು. ಆಗ ಕುದುರೆಗಳು ಸರಕಾರದ ಸಾಮೂಹಿಕ ಫಾರಮಿನವು. ಆಮೇಲೆ ಫಾರಂ ಮುಳುಗಿತು, ಕುದುರೆಗಳು ನಮ್ಮವಾದವು, ಮಂಡಿ ಮಾತ್ರ ಮೊದಲಿನಿಂದಲೂ ಅವಳದೇ.

ಅವಳು ಹಿರಿಯ ಸೊಸೆ, ನಾನು ಕಿರಿಯವಳು. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮನೆ ಬೇರೆಯಾದರೂ ಒಲೆ ಒಂದೇ ಎನ್ನುವ ಹಾಗೆ ಅವರ ಜೊತೆಗೇ ಇದ್ದೇನೆ. ಅವಳ ಗಂಡನ ಹೆಸರನ್ನು ನಾನು ಬಾಯಲ್ಲಿ ಆಡುವಂತಿಲ್ಲ. ಗಂಡನ ಅಣ್ಣನ ಹೆಸರು ಹಿಡಿಯುವ ಸೊಸೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಭಾವ ಎಂದೇ ಹೇಳುತ್ತೇನೆ. ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನಗೆ ಸಿಟ್ಟು ಬಂದಾಗ ಹೇಳಲು ಮನಸ್ಸಾಗದೆ ಹೋಗಬಹುದು.

ಉಲ್ಕಾನ್ ಮೈಕೈ ತುಂಬಿದ ಹೆಂಗಸು. ನಕ್ಕರೆ ಹೊಟ್ಟೆ, ಭುಜ, ಕಿವಿಯ ಓಲೆ ಎಲ್ಲ ಒಟ್ಟಿಗೆ ನಗುತ್ತಿದ್ದವು. ನಾನು ಮೊದಲಿನಿಂದ ಕಡ್ಡಿ. "ಗಾಳಿ ಬಂದ್ರೆ ನಿನ್ನ ಹಿಡ್ಕೊಳ್ಳೋಕೆ ಒಬ್ಬಳನ್ನ ಇಡ್ಬೇಕು ಕಣೇ ಬೂಬೂಷ್" ಎಂದು ನನ್ನನ್ನು ಕಾಡುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ, ನೀನು ಕೂತರೆ ಭೂಕಂಪವಾಯಿತು ಅಂತ ಪಕ್ಕದ ಕಣಿವೆಯವರು ಓಡಿಬರುತ್ತಾರೆ ಎನ್ನುತ್ತಿದ್ದೆ. ನನಗೆ ಈ ವಯಸ್ಸಿಗೂ ಒಂದು ಕೀಲೂ ನೋಯುವುದಿಲ್ಲ. ಮೆಟ್ಟಿಲನ್ನು ಹುಡುಗಿಯರ ಹಾಗೆ ಹತ್ತುತ್ತೇನೆ. ಅವಳು ಮಾತ್ರ ಐವತ್ತು ದಾಟುವ ಮೊದಲೇ ಕಾಲೆಳೆಯತೊಡಗಿದ್ದಳು. ಏಳುವಾಗ ಮಂಡಿಯಿಂದ ಒಣ ಕಟ್ಟಿಗೆ ಮುರಿದಂಥ ಸದ್ದು ಬರುತ್ತಿತ್ತು, ಗುಡಾರದ ಆಚೆ ತುದಿಯಲ್ಲಿದ್ದವರಿಗೂ ಕೇಳುವಷ್ಟು. ಬರುಬರುತ್ತ ಮಂಡಿಗಳು ಊದಿ, ಕಾಲು ಕುದುರೆ ಸವಾರರ ಕಾಲಿನ ಹಾಗೆ ಹೊರಕ್ಕೆ ಬಾಗಿದವು. ನಾಯಿಯ ಕೊಬ್ಬು ತಿಕ್ಕಿಸಿಕೊಂಡಳು. ಆಗಷ್ಟೇ ಸುಲಿದ ಕುರಿಯ ಬೆಚ್ಚನೆಯ ತೊಗಲನ್ನು ಸುತ್ತಿಸಿಕೊಂಡು ಮಲಗಿದಳು. ಬಿಸಿನೀರಿನ ಬುಗ್ಗೆಗೆ ಹೋಗಿ ಕೂತು ಬಂದಳು. ವಾರಕ್ಕೆ ಸರಿ, ತಿಂಗಳಿಗೆ ಮತ್ತೆ ಅದೇ.

ನೋವು ಒಂದು ಕಡೆ. ಅದಕ್ಕಿಂತ ಅವಳನ್ನು ಚುಚ್ಚಿದ್ದು ಕೂರಲಾರದ್ದು. ನಮ್ಮಲ್ಲಿ ಊಟದ ಹಾಸಿನ ಮುಂದೆ ಕಾಲು ಮಡಚಿ ಕೂರಬೇಕು. ರೊಟ್ಟಿಯ ಕಡೆಗೆ ಪಾದ ಚಾಚುವುದುಂಟೆ? ಯಾವ ಔತಣವಿರಲಿ, ಕುರಿಯ ಒಂದೊಂದು ಎಲುಬೂ ಯಾರ ಮುಂದೆ ಹೋಗಬೇಕೆಂದು ಮೊದಲೇ ಗೊತ್ತು. ಬಾಲದ ಬುಡದ ಕೊಬ್ಬಿನ ತುಂಡು ಮನೆಯ ಹಿರಿಯ ಹೆಂಗಸಿಗೆ. ಅತ್ತೆ ಹೋದ ಮೇಲೆ ಅದು ಉಲ್ಕಾನಳದು. ಬಾಗಿಲಿಗೆ ಎದುರಾದ ದೊಡ್ಡವರ ಜಾಗವೂ ಅವಳದು. ಆದರೆ ಅವಳಿಗೆ ಮಂಡಿ ಮಡಚಲಾಗುತ್ತಿರಲಿಲ್ಲ. ಒಂದೆರಡು ಸಲ ಹಲ್ಲು ಕಚ್ಚಿ ಕೂತಳು, ಏಳುವಾಗ ಇಬ್ಬರು ಗಂಡಸರು ಎತ್ತಬೇಕಾಯಿತು, ಮಕ್ಕಳು ನಕ್ಕವು. ಆಮೇಲೆ ಔತಣಗಳಲ್ಲಿ ಚಹಾಕ್ಕೆ ನೀರು ಕಾಯಿಸುವ ಸಮೋವರಿನ ಹತ್ತಿರ ನಿಂತೇ ಇರತೊಡಗಿದಳು. ತಾನು ನಿಂತೇ ತಿನ್ನುವವಳು, ಕೂತರೆ ಕೆಲಸ ಸಾಗುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಹೊಸ ಸೊಸೆಯರು ನಿಲ್ಲುವ ಜಾಗದಲ್ಲಿ ಮನೆಯ ಹಿರಿಯಳು ನಿಂತು ಎಲ್ಲರಿಗೂ ಚಹಾ ಬಗ್ಗಿಸಿ ಕೊಡುತ್ತಿದ್ದಳು.

ಪಟ್ಟಣದ ಆಸ್ಪತ್ರೆಗೆ ವಯಸ್ಸಾದ ಹೆಂಗಸರ ಎಲುಬು ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಯಂತ್ರ ಬಂದಿದೆ ಎಂದು ನಮ್ಮೂರ ನರ್ಸು ಹೇಳಿದಾಗ ಉಲ್ಕಾನ್ ಹಿಟ್ಟು ನಾದುತ್ತಿದ್ದವಳು ಹಾಗೇ ನಿಂತುಬಿಟ್ಟಳು. ವಸಂತ ಕಾಲ ಮುಗಿಯುತ್ತ ಬಂದಿತ್ತು, ಇನ್ನು ಕೆಲವೇ ದಿನಕ್ಕೆ ಲಾರಿ ಮೇಲಿನ ಹುಲ್ಲುಗಾವಲಿಗೆ ಹೊರಡುವುದಿತ್ತು. ಹಿಂದಿನ ಬೇಸಿಗೆಯಲ್ಲೇ ಅವಳು ಕುದುರೆಯ ಬಾಲ ಹಿಡಿದುಕೊಂಡು ಏಳುತ್ತಿದ್ದಳು. ಈ ಸಲ ಬರಲಾರೆ ಎಂದು ಚಳಿಗಾಲವೆಲ್ಲ ಹೇಳಿದ್ದಳು. ಭಾವ ಕೇಳಿಸಿಕೊಳ್ಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಆಮೇಲೆ ಕುದುರೆಗಳ ಮಾತು ತೆಗೆಯುತ್ತಿದ್ದರು. ಅವಳ ಕೈ ಬಿಟ್ಟರೆ ಬೇರೆ ಕೈಗೆ ಆ ಕುದುರೆಗಳು ಹಾಲಿಳಿಸುವುದಿಲ್ಲ ಎಂಬುದು ಅವರ ನಂಬಿಕೆ. ಉಲ್ಕಾನಳ ಮಗನ ಹೆಂಡತಿ ಐಜಿರೆಕ್ ಶಾಲೆಯ ಮೇಡಂ, ಕುದುರೆಯ ಹತ್ತಿರ ಹೋದರೆ ಕುದುರೆಗಿಂತ ಮೊದಲು ಅವಳೇ ಬೆದರುವವಳು. ನಮ್ಮ ಕಡೆ ಗಂಡಸರು ಕುದುರೆ ಕರೆದರೆ ಊರೆಲ್ಲ ನಗುತ್ತದೆ. ಉಳಿದವಳು ಉಲ್ಕಾನ್. ಮಂಡಿ ನೋವನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ, ಅದು ಮುದುಕಿಯರ ದಿನದ ರಾಗ. ಎಲುಬೇ ಹೋಗಿದೆ ಎಂದು ಆಸ್ಪತ್ರೆಯವರು ಹೇಳಿದರೆ ಗಂಡ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದು ಅವಳು ಲೆಕ್ಕ ಹಾಕಿದಳು. ನಿನ್ನ ಎಲುಬು ಹೋಗದೆ ಇನ್ನಾರದು ಹೋಗುತ್ತದೆ ಎಂದು ನಾನೂ ಹೇಳಿದೆ. ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದಳು.

ಯಂತ್ರದ ಮೇಲೆ ಮೊದಲು ನಾನು ಮಲಗಿದೆ. ಯಂತ್ರದ ಕೈಯೊಂದು ನನ್ನ ಮೇಲೆ ತೆವಳುತ್ತ ಹೋಯಿತು, ಅಷ್ಟೇ. ಹುಡುಗಿ ಪರದೆ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. ನನ್ನ ಎಲುಬು ಒಳಗೊಳಗೇ ಟೊಳ್ಳಾಗಿದೆಯಂತೆ, ಜೋರಾಗಿ ಕೆಮ್ಮಿದರೂ ಮುರಿಯಬಹುದಂತೆ, ಭಾರ ಎತ್ತಬಾರದಂತೆ, ಬೀಳಬಾರದಂತೆ. ನನಗೆ ನಗು ಬಂತು. ಒಂದು ದಿನ ನೋವೆಂದು ಮಲಗದ ನನ್ನ ಎಲುಬು ಟೊಳ್ಳಾದರೆ, ಉಲ್ಕಾನಳದು ಬೂದಿಯೇ ಆಗಿರಬೇಕು ಅಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು. ಮಂಚ ಹತ್ತುವಾಗ ಅವಳ ಮುಖದಲ್ಲಿ ಒಂದು ಕಳೆಯಿತ್ತು.

ಬೆನ್ನಿನದು ಆಯಿತು. ಸೊಂಟದ ಕೀಲಿನದು ತೆಗೆಯಲು ಕಾಲನ್ನು ಒಳಮುಖವಾಗಿ ತಿರುಗಿಸಿ ಹಿಡಿಯಬೇಕಂತೆ. ಉಲ್ಕಾನಳ ಕಾಲು ತಿರುಗಲಿಲ್ಲ. ಹುಡುಗಿ ಎಳೆದಳು, ಇವಳು ಕೂಗಿದಳು. ಹೊರಗೆ ಸಾಲು ಉದ್ದವಿತ್ತು. ಹೋಗಲಿ ಬಿಡಿ ಅಜ್ಜಿ, ಬೆನ್ನಿನದೇ ಸಾಕು, ಎಂದು ಹುಡುಗಿ ಅಲ್ಲಿಗೆ ಬಿಟ್ಟಳು. ಪರದೆ ನೋಡಿ ಅವಳ ಮುಖ ಅರಳಿತು.

"ಅಜ್ಜಿ, ನಿಮ್ಮ ಬೆನ್ನೆಲುಬು ನನ್ನ ವಯಸ್ಸಿನವರಿಗಿಂತ ಗಟ್ಟಿ ಇದೆ. ಏನ್ ತಿಂತೀರ ನೀವು?"

ಉಲ್ಕಾನ್ ಎದ್ದು ಕೂತಳು. ಇನ್ನೊಂದು ಸಲ ನೋಡು ಎಂದಳು. ಹುಡುಗಿ ನೋಡಿದಳು, ಅದೇ ಬಂತು. ಮಂಡಿ ನೋಡು ಎಂದು ಲಂಗ ಎತ್ತಿ ತೋರಿಸಿದಳು. ಮಂಡಿ ನೋಡುವ ಡಾಕ್ಟರು ಬೇರೆ, ಅವರು ಈಗ ಇಲ್ಲ, ಇಲ್ಲಿ ಎಲುಬು ಮಾತ್ರ ಎಂದಳು ಹುಡುಗಿ. ಆಗಲೇ ಉಲ್ಕಾನ್ ಅತ್ತದ್ದು.

ವಾಪಸು ಬರುವ ಜೀಪಿನಲ್ಲಿ ನಮ್ಮೂರಿನವರೇ ತುಂಬಿದ್ದರು. ಕೇಳಿದವರಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಊರಲ್ಲಿ ಸುದ್ದಿಗೆ ಉಪ್ಪು ಖಾರ ಹತ್ತಿತು. ಸಂಜೆಯ ಹೊತ್ತಿಗೆ ಉಲ್ಕಾನಳ ಎಲುಬು ಇಡೀ ಜಿಲ್ಲೆಯಲ್ಲೇ ಗಟ್ಟಿಯಾದದ್ದು, ಡಾಕ್ಟರು ಯಂತ್ರ ಕೆಟ್ಟಿದೆಯೆಂದು ತಟ್ಟಿ ನೋಡಿದರು ಎಂಬಲ್ಲಿಗೆ ಬಂದಿತ್ತು. ಭಾವನಿಗೆ ಹಿಡಿಸಲಾರದಷ್ಟು ಹೆಮ್ಮೆ. ಅವರು ಹುಟ್ಟಾ ಕುದುರೆಯವರು, ಪ್ರಾಣಿಯ ಕಾಲಿನ ಎಲುಬು ಸವರಿ ನೋಡಿ ಅದರ ಆಯುಸ್ಸು ಹೇಳುವವರು. ಗಟ್ಟಿ ಎಲುಬಿನ ಹೆಂಡತಿ ಎಂದರೆ ಅವರಿಗೆ ಸಣ್ಣ ಮಾತಲ್ಲ. ಎದುರು ಸಿಕ್ಕವರಿಗೆಲ್ಲ ಹೇಳಿದರು.

ಆ ವಾರ ಚಹಾಕ್ಕೆ ಕೂತಾಗ ಎಲ್ಲರ ಮುಂದೆ ಉಲ್ಕಾನ್ ಮಾತೆತ್ತಿದಳು.

"ಎಲುಬು ಹೆಂಗಾರ ಇರಲಿ. ಈ ಸಲ ನಾನು ಮೇಲಕ್ಕೆ ಬರಲ್ಲ. ನನ್ನ ಕೈಲಿ ಆಗಲ್ಲ."

"ಕುಂಟೋ ಕುದುರೇನ ಕಟ್ಟಿ ಹಾಕಿದ್ರೆ ಅದು ನಿಂತಲ್ಲೇ ಮರಗಟ್ಟಿ ಹೋಗುತ್ತೆ" ಎಂದರು ಭಾವ. "ಎಲುಬು ಮುರಿದಿದ್ರೆ ಬೇರೆ ಮಾತು. ಎಲುಬು ಗಟ್ಟಿ ಇದ್ದು ಕುಂಟ್ತಿದ್ರೆ ನಡೆಸಬೇಕು. ನಡೆದ್ರೆ ಬಿಡುತ್ತೆ."

"ನಾನು ಕುದುರೆ ಅಲ್ಲ."

"ಕುದುರೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಉಲ್ಕಾನಳೂ ನಕ್ಕಳು, ಅವಳಿಗೆ ನಗು ತಡೆಯಲು ಬರುತ್ತಿರಲಿಲ್ಲ. ಆ ನಗುವಿನಲ್ಲಿ ಅವಳ ಮಾತು ಮುಳುಗಿಹೋಯಿತು. ಭಾವ ಮೋಸ ಮಾಡಿದರು ಎಂದು ನಾನು ಹೇಳಲಾರೆ. ಸೆಡೆತುಹೋದ ಎಷ್ಟೋ ಕುದುರೆಗಳನ್ನು ಅವರು ದಿನಾ ನಡೆಸಿ ನಡೆಸಿ ಸರಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಹೆಂಡತಿಗೆ ಒಳ್ಳೆಯದೇ ಮಾಡುತ್ತಿದ್ದೇನೆ ಎಂದು ಅವರು ಮನಸಾರೆ ನಂಬಿದ್ದರು. ಅದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಹುಲ್ಲುಗಾವಲಿನಲ್ಲಿ ಆ ಬೇಸಿಗೆ ಎಲ್ಲ ತಲೆಕೆಳಗಾಯಿತು. ನೋವಿಲ್ಲದ ನಾನು ರೋಗಿಯಾದೆ, ನೋಯುವವಳು ಗಟ್ಟಿಗಿತ್ತಿಯಾದಳು. ನಾನು ನೀರಿನ ಬಿಂದಿಗೆ ಮುಟ್ಟಿದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಗುಡಾರದಲ್ಲಿ ದೊಡ್ಡವರ ಜಾಗದಲ್ಲಿ ನನ್ನನ್ನು ಕೂರಿಸಿ ಬೆನ್ನಿಗೆ ದಿಂಬು ಒತ್ತಿದರು. ಕುರಿ ಕೊಯ್ದ ದಿನ ಬಾಲದ ಬುಡದ ತುಂಡು ನನ್ನ ಮುಂದೆ ಬಂತು, ತಟ್ಟೆ ಹಿಡಿದು ತಂದವಳು ಉಲ್ಕಾನ್. "ತಿನ್ನಮ್ಮ ಗಾಜಿನ ರಾಣಿ" ಎಂದು ಕಣ್ಣು ಮಿಟುಕಿಸಿ ಹೋದಳು.

ಒಂದು ಬೆಳಿಗ್ಗೆ ಭಾವ ಆಚೆ ಹೋಗಿದ್ದು ನೋಡಿ ನಾನೇ ಬಕೆಟ್ಟು ತೆಗೆದುಕೊಂಡು ಕುದುರೆಯ ಹತ್ತಿರ ಹೋದೆ. ಮಂಡಿಯೂರಿ ಕೂತದ್ದೂ ಆಯಿತು. ಎಲ್ಲಿಂದ ನೋಡಿದರೋ, ಭಾವ ಓಡಿ ಬಂದು ಬಕೆಟ್ಟು ಕಿತ್ತುಕೊಂಡರು. ನೀನು ಮುರಿದುಕೊಂಡು ಬಿದ್ದರೆ ಸತ್ತ ತಮ್ಮನಿಗೆ ಏನೆಂದು ಮುಖ ತೋರಿಸಲಿ ಎಂದು ಕೇಳಿದರು. ಬಕೆಟ್ಟು ಉಲ್ಕಾನಳ ಕೈಗೆ ಹೋಯಿತು. ಅವಳು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕುದುರೆಯ ಬಾಲ ಹಿಡಿದು, ಉಸಿರು ಬಿಗಿಹಿಡಿದು ಕೆಳಗಿಳಿದಳು. ಅವಳ ತುಟಿಯ ಮೇಲೆ ಬೆವರಿತ್ತು.

ನಡುಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಬಿದ್ದು ನಿಂತಿತು. ಮರಿಗಳನ್ನು ಕಟ್ಟುವ ಉದ್ದ ಹಗ್ಗದ ಪಕ್ಕದ ನೆಲವೆಲ್ಲ ರಾಡಿ. ಉಲ್ಕಾನ್ ಕರೆದು ಮುಗಿಸಿ ಏಳುವಾಗ ಮಂಡಿ ಕೈಕೊಟ್ಟಿತು. ಜೋರಾಗೇನೂ ಬೀಳಲಿಲ್ಲ. ಮೂಟೆ ಕೂತ ಹಾಗೆ ಪಕ್ಕಕ್ಕೆ ಕೂತಳು, ಹಾಲು ಕೂಡ ಅರ್ಧ ಉಳಿಯಿತು. ನೋಡಿದವರು ನಕ್ಕರು, ಕೆಸರು ಮೆತ್ತಿಕೊಂಡ ಅವಳೂ ನಕ್ಕಳು. ಎತ್ತಿ ನಿಲ್ಲಿಸಿದರು. ನಿಂತಳು. ನಡೆದಳು ಕೂಡ. ಎಲ್ಲಿ ನೋವು ಎಂದು ಕೇಳಿದೆ.

"ಎಲ್ಲಿ ಅಂದ್ರೆ? ಮಂಡೀಲೇ. ಇನ್ನೆಲ್ಲಿ."

ಅವಳು ಸುಳ್ಳು ಹೇಳಲಿಲ್ಲ. ನೋವು ಅವಳಿಗೆ ಮಂಡಿಯಲ್ಲೇ ಕಾಣಿಸಿತ್ತು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಬಿರುಕು ಬಿಟ್ಟರೆ ನೋವು ಮಂಡಿಗೆ ಇಳಿದು ಬರುತ್ತದೆಯೆಂದು ನಮಗೆ ಯಾರು ಹೇಳಬೇಕು? ಮಂಡಿ ನೋಯುವುದು ಹೊಸದೇ? ಎಲುಬು ಮುರಿದಿರಬಹುದು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಬಿದ್ದಿದ್ದರೆ ಆ ಕ್ಷಣವೇ ಲಾರಿ ಹೊರಡಿಸಿ ಘಾಟಿ ದಾಟಿಸುತ್ತಿದ್ದರು. ಬಿದ್ದವಳು ಗಟ್ಟಿ ಎಲುಬಿನವಳು.

ಭಾವ ತಮಗೆ ಗೊತ್ತಿದ್ದ ಔಷಧ ಮಾಡಿದರು. ಬೆಳಿಗ್ಗೆ ಸಂಜೆ ಅವಳ ತೋಳು ಹಿಡಿದು, ಇನ್ನೊಂದು ಕೈಗೆ ಕೋಲು ಕೊಟ್ಟು, ಮರಿ ಕಟ್ಟುವ ಹಗ್ಗದ ಗುಂಟ ಆ ತುದಿಯಿಂದ ಈ ತುದಿಗೆ ನಡೆಸಿದರು. ಅವಳು ಬೈಯುತ್ತಿದ್ದಳು, ಅವರು ಚಿಕ್ಕ ಮಗುವನ್ನು ರಮಿಸುವಂತೆ ರಮಿಸುತ್ತ ನಡೆಸುತ್ತಿದ್ದರು. ನೋಡಿದರೆ ಹಳೆಯ ಗಂಡಹೆಂಡಿರ ಸರಸದ ಹಾಗಿತ್ತು. ನಡುನಡುವೆ ಅವಳು ಹಾಲು ಕರೆದಳು ಕೂಡ. ಮೂರು ಕುದುರೆ, ನಾಲ್ಕು ಕುದುರೆ, ಅಷ್ಟಕ್ಕೇ ಮುಖ ಬೂದಿಯಾಗುತ್ತಿತ್ತು. ಸಾಕು ಮಾಡಿ ಭಾವ, ಮಲಗಲಿ ಎಂದು ನಾನು ಕೂಗಾಡಿದೆ. ಮಲಗಿಸಿದರೆ ಇನ್ನು ಏಳುವುದಿಲ್ಲ ಎಂದರು ಅವರು.

ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಎದ್ದು ಒಂದು ಹೆಜ್ಜೆ ಇಟ್ಟವಳೇ ಕೂಗಿಕೊಂಡು ಕುಸಿದಳು. ಅಂಥ ಕೂಗನ್ನು ನಾನು ಅವಳ ಹೆರಿಗೆಯಲ್ಲೂ ಕೇಳಿರಲಿಲ್ಲ. ಲಂಗ ಸರಿಸಿ ನೋಡಿದೆ. ಒಂದು ಕಾಲು ಗಿಡ್ಡವಾಗಿತ್ತು, ಪಾದ ಪೂರ್ತಿ ಹೊರಕ್ಕೆ ವಾಲಿ ಮಲಗಿತ್ತು. ಭಾವ ಬಂದು ನೋಡಿದರು. ಅಂಥ ಕಾಲನ್ನು ಅವರು ಕುದುರೆಗಳಲ್ಲಿ ನೋಡಿದ್ದಾರೆ, ಆಮೇಲೆ ಆ ಕುದುರೆಗೆ ಏನು ಮಾಡುತ್ತಾರೆಂಬುದೂ ಅವರಿಗೆ ಗೊತ್ತು. ಹೊರಗೆ ಹೋಗಿ ಲಾರಿಗೆ ಕಂಬಳಿ ಹಾಸತೊಡಗಿದರು.

ಈ ಸಲ ಪಟ್ಟಣದಲ್ಲಿ ನೋಡಿದವರು ವಯಸ್ಸಾದ ಹೆಂಗಸು, ಮೂಳೆಯ ಡಾಕ್ಟರು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿದ್ದ ದಿನ ತೊಡೆಮೂಳೆಯ ಕತ್ತು ಬರೀ ಬಿರುಕು ಬಿಟ್ಟಿರಬೇಕು, ಆಗಲೇ ತಂದಿದ್ದರೆ ಮೊಳೆ ಹೊಡೆದು ನಿಲ್ಲಿಸಬಹುದಿತ್ತು, ನಡೆದೂ ನಡೆದೂ ಅದು ಕಳಚಿಕೊಂಡಿದೆ ಎಂದರು. ಭಾವ ಟೊಪ್ಪಿಗೆಯನ್ನು ಕೈಯಲ್ಲಿ ಹಿಸುಕುತ್ತ ನಿಂತಿದ್ದರು.

"ಎಲುಬು ಗಟ್ಟಿ ಅಂತ ನಿಮ್ಮ ಮಷೀನೇ ಹೇಳ್ತಲ್ಲ ತಾಯಿ. ಸುಳ್ಳಾ ಅದು?"

ಡಾಕ್ಟರಮ್ಮ ಆ ಯಂತ್ರ ತೆಗೆದ ಹಳೆಯ ಚಿತ್ರ ತರಿಸಿ ಬೆಳಕಿಗೆ ಹಿಡಿದರು.

"ಸುಳ್ಳಲ್ಲ, ಅರ್ಧ ಅಷ್ಟೇ. ಕೀಲು ಸವೆದವರಿಗೆ ಮೂಳೆ ಅಂಚಿಗೆಲ್ಲ ಹೀಗೆ ಮುಳ್ಳು ಬೆಳೆಯುತ್ತೆ, ಬೆನ್ನಲ್ಲೂ ಬೆಳೆಯುತ್ತೆ. ಬಿಳೀ ಕಂಡದ್ದನ್ನೆಲ್ಲ ಮಷೀನು ಎಲುಬು ಅಂತ ಲೆಕ್ಕಕ್ಕೆ ತಗೊಳ್ಳುತ್ತೆ. ಬಾಗಿಲಿನ ತಿರುಗಣಿಗೆ ಹಿಡಿದ ತುಕ್ಕನ್ನೂ ಕಬ್ಬಿಣದ ಜೊತೆ ಸೇರಿಸಿ ತೂಗಿದ ಹಾಗೆ. ಸೊಂಟದ್ದು ನೋಡೇ ಇಲ್ಲ."

ಆಮೇಲೆ ಇನ್ನೂ ಸ್ವಲ್ಪ ಹೇಳಿದರು. ಮೈತುಂಬಿದ ಹೆಂಗಸರ, ಕೀಲು ಸವೆದವರ ಎಲುಬು ನಿಜಕ್ಕೂ ತುಸು ತೂಕದ್ದಾಗಿರುವುದುಂಟಂತೆ. ಆದರೆ ಎಲುಬು ಮುರಿಯುವುದು ಬೀಳುವುದರಿಂದ, ಮಂಡಿ ಹೋದವರು ಬೇರೆಯವರಿಗಿಂತ ಹೆಚ್ಚು ಬೀಳುತ್ತಾರೆ. ನೋವಿನ ಕಾಲಿಗೆ ಭಾರ ಕೊಡದೆ ಕೊಡದೆ ಸೊಂಟದ ಕಡೆಯ ಎಲುಬು ಒಳಗೇ ಸೊರಗಿಯೂ ಇರುತ್ತದೆ. ಗಟ್ಟಿ ಎಂದ ಮಾತ್ರಕ್ಕೆ ಮುರಿಯುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ ಎಂದರು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಆ ಟೊಳ್ಳು ಎಲುಬಿನ ಕೈಗಳಿಗೆ ಬೇಸಿಗೆಯಿಡೀ ಯಾರೂ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ.

ಕೀಲು ಬದಲಿಸುವ ಆಪರೇಷನ್ನು ರಾಜಧಾನಿಯಲ್ಲಿ ಮಾತ್ರ. ಅಲ್ಲಿಗೂ ಹೋದೆವು. ಹೃದಯ ನೋಡಿದವರು ಇವಳಿಗೆ ಮತ್ತಿನ ಔಷಧ ಕೊಟ್ಟರೆ ಎದ್ದೇಳುವುದಿಲ್ಲ ಎಂದರು. ಇನ್ನೊಬ್ಬರ ಹತ್ತಿರ ಹೋದೆವು, ಅವರೂ ಅದನ್ನೇ ಅಂದರು. ಬರುವಾಗ ಘಾಟಿಯ ಮೇಲೆ ಆಗಲೇ ಹೊಸ ಹಿಮ ಬಿದ್ದಿತ್ತು.

ಚಳಿಗಾಲವೆಲ್ಲ ಅವಳ ಸೇವೆ ನಾನು ಮಾಡಿದೆ. ಈಗ ಯಾರೂ ನನ್ನನ್ನು ತಡೆಯಲಿಲ್ಲ. ಅವಳ ಆ ಭಾರದ ಮೈಯನ್ನು ಹೊರಳಿಸುವುದು, ಒರೆಸುವುದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವುದು, ಪಾತ್ರೆ ಇಡುವುದು, ತೆಗೆಯುವುದು. ಅವಳು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೈ ಕರಗತೊಡಗಿತು. ಕಿವಿಯ ಓಲೆ ಭಾರವೆಂದು ಬಿಚ್ಚಿಸಿದಳು. ನಗು ಯಾವಾಗಲಾದರೊಮ್ಮೆ ಬರುತ್ತಿತ್ತು, ಅದೂ ನನಗೆ ಕೇಳಲಾಗುತ್ತಿರಲಿಲ್ಲ.

"ನಿನ್ನ ಗಾಜು ಇನ್ನೂ ಒಡೀಲಿಲ್ಲ ನೋಡೇ ಬೂಬೂಷ್. ನನ್ನ ಕಬ್ಬಿಣ ಮುರ್ದು ಬಿತ್ತು."

ಭಾವ ಬಂದು ಮಂಚದ ಕಾಲ ಬಳಿ ಕೂರುತ್ತಿದ್ದರು. ಅವಳ ಹತ್ತಿರ ಮಾತಾಡಲು ಅವರಿಗೆ ಕುದುರೆಗಳ ಸುದ್ದಿ ಬಿಟ್ಟು ಬೇರೆ ಏನೂ ಇರಲಿಲ್ಲ. ಯಾವುದು ಗಬ್ಬವಾಗಿದೆ, ಯಾವುದಕ್ಕೆ ಕೆಮ್ಮು ಬಂದಿದೆ ಎಂದು ಹೇಳುತ್ತಿದ್ದರು. ಅವಳು ಗೋಡೆ ನೋಡುತ್ತ ಕೇಳುತ್ತಿದ್ದಳು. ಒಂದು ದಿನ ಅವರು ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ ಒತ್ತುತ್ತ ಬಿಕ್ಕಿದರು. ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಹೊರಗೆ ಎದ್ದು ಹೋದೆ.

ಹಿಮ ಕರಗಿ, ಕುದುರೆಗಳು ಮರಿ ಹಾಕತೊಡಗಿದವು. ಆಗ ಉಲ್ಕಾನ್ ತಾನಾಗಿಯೇ ಭಾವನನ್ನು ಕರೆಸಿದಳು. ತನಗೇನೂ ಬೇಡ, ಒಂದು ಮಾತು ನಡೆಸಿಕೊಡಬೇಕು ಎಂದಳು. ಕುದುರೆಗಳನ್ನು ಮಾರಲಿ, ಇಟ್ಟುಕೊಳ್ಳಲಿ, ಹಾಲನ್ನೆಲ್ಲ ಮರಿಗಳೇ ಕುಡಿಯಲಿ, ಐಜಿರೆಕ್‌ಳನ್ನು ಮಾತ್ರ ಮೇಲಕ್ಕೆ ಕರೆದೊಯ್ಯಬಾರದು. ಬೇಸಿಗೆಯಲ್ಲಿ ಶಾಲೆಗೆ ರಜೆ ತಾನೆ ಎಂದು ಹೇಳಿ ಭಾವ ಎದ್ದು ಹೋದರು.

ಲಾರಿ ಹೊರಟ ಬೆಳಿಗ್ಗೆ ಐಜಿರೆಕ್ ಕಂಬಳಿ ಮೂಟೆಗಳ ಮೇಲೆ, ತನ್ನ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಯಾರ ಮೇಲೂ ಮುನಿಸಿಕೊಂಡಿರಲಿಲ್ಲ. ಮನೆಯ ಕೆಲಸ, ಅತ್ತೆ ಮಲಗಿದ್ದಾರೆ, ಮಾಡಬೇಕಾದದ್ದೇ ಎಂದುಕೊಂಡಿದ್ದಳು. ನಾನು ಊರಲ್ಲೇ ಉಳಿದೆ. ಲಾರಿಯ ಸದ್ದು ನಿಂತ ಮೇಲೆ ಉಲ್ಕಾನ್, ಹೋದರಾ ಎಂದು ಕೇಳಿದಳು. ಹೋದರು ಎಂದೆ. ಅವಳೂ ಹೋದಳಾ ಎಂದು ಕೇಳಿದಳು. ಹೂಂ ಎಂದೆ. ಆ ದಿನ ಅವಳು ಚಹಾವನ್ನೂ ಮುಟ್ಟಲಿಲ್ಲ. ಅವಳು ಬೇಡಿಕೊಂಡಿದ್ದ ಬೇಸಿಗೆ ಬಂದಿತ್ತು. ಊರಲ್ಲಿ, ತನ್ನ ಮನೆಯಲ್ಲಿ, ಮಂ‌ಚದ ಮೇಲೆ ಕಾಲು ಚಾಚಿ ಮಲಗಿದ್ದಳು.

ಮೇಲಿನಿಂದ ಬಂದವರು ಸುದ್ದಿ ತಂದರು. ಐಜಿರೆಕ್ ಮೊದಲೆರಡು ದಿನ ಹೆದರಿದಳಂತೆ, ಆಮೇಲೆ ಕೈ ಕುದುರಿತಂತೆ. ಕುದುರೆಗಳು ಒಂದೂ ತಕರಾರು ಮಾಡದೆ ಅವಳ ಕೈಗೆ ಹಾಲಿಳಿಸಿದವಂತೆ. ಯಾವ ಕೈಯಾದರೂ ಅವಕ್ಕೆ ಒಂದೇ ಆಗಿತ್ತು. ನಾನು ಈ ಮಾತನ್ನು ಉಲ್ಕಾನಳಿಗೆ ಹೇಳಬಾರದೆಂದಿದ್ದೆ. ಹೇಳಿಯೇ ಹೇಳಿದರು ಬಂದವರು, ನಿಮ್ಮ ಸೊಸೆ ನಿಮ್ಮನ್ನೇ ಮೀರಿಸುತ್ತಾಳೆ ಎಂದು ಹೊಗಳಿಕೆಯ ಹಾಗೆ.

ನಡುಬೇಸಿಗೆಯಲ್ಲಿ ಐಜಿರೆಕ್ ಅತ್ತೆಗೆಂದು ಕುಮಿಸ್ ತುಂಬಿಕೊಂಡು ಒಂದು ದಿನದ ಮಟ್ಟಿಗೆ ಕೆಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಮೈ ತುಸು ತುಂಬಿತ್ತು, ನಡಿಗೆಯಲ್ಲಿ ಒಂದು ಗತ್ತು ಬಂದಿತ್ತು. ಬಟ್ಟಲಿಗೆ ಬಗ್ಗಿಸಿ ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸಲು ಹೋದಳು. ಉಲ್ಕಾನ್ ಬಟ್ಟಲನ್ನು ಸರಿಸಿ, ಲಂಗ ಎತ್ತಿ ಮಂಡಿ ತೋರಿಸು ಎಂದಳು. ಹುಡುಗಿ ನಾಚಿ ನನ್ನ ಕಡೆ ನೋಡಿದಳು. ತೋರಿಸಮ್ಮ ಎಂದೆ. ನೆಲಕ್ಕೂರುವ ಮಂಡಿಯ ಮೇಲೆ ಚರ್ಮ ಆಗಲೇ ದಪ್ಪಗಟ್ಟಿ, ಹುಲ್ಲಿನ ಹಸಿರು ಒಳಗಿಳಿದು ತೊಳೆದರೂ ಹೋಗದ ಹಾಗೆ ಕೂತಿತ್ತು. ಉಲ್ಕಾನ್ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿದಳು.

"ನೋಯುತ್ತಾ?"

"ಇಲ್ಲ ಅತ್ತೆ. ಸ್ವಲ್ಪಾನೂ ಇಲ್ಲ."

"ನನಗೂ ನೋಯ್ತಿರ್ಲಿಲ್ಲ" ಎಂದಳು ಉಲ್ಕಾನ್.